ಎರಡು ಬೆರಳು ಕೆಳಗೆ

ಆ ಬೆನ್ನಿನ ಮೇಲಿದ್ದ ಗೆರೆ ತನ್ನದಲ್ಲ ಎಂದು ಗುರುಸಿದ್ದಯ್ಯ ಒಪ್ಪಿಕೊಂಡದ್ದು ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ. ಗೊತ್ತಿದ್ದದ್ದು ಮಾತ್ರ ಸೋಮವಾರದಿಂದ.

ಗುರುವಾರವೂ ಉಳಿದ ದಿನಗಳ ಹಾಗೆಯೇ ಶುರುವಾಗಿತ್ತು. ಶೆಟ್ಟಿಹಳ್ಳಿಯ ಬಾಡಿಗೆ ಕೋಣೆಯಿಂದ ಸೈಕಲ್ಲಿನಲ್ಲಿ ಹೊರಟು, ರೈಲ್ವೆ ಗೇಟು ಹಾಕಿದ್ದರಿಂದ ಐದು ನಿಮಿಷ ಕಾದು ಆಸ್ಪತ್ರೆಗೆ ಬಂದಾಗ ಅವನ ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಒಂದು ಹಾಳೆಯಿತ್ತು. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಕ್ಯಾನ್ಸರ್ ಡಾಕ್ಟರುಗಳ ಸಭೆ. ಅಲ್ಲಿ ಓದಲು ಡಾಕ್ಟರ್ ವನಜಮ್ಮ ಒಂದು ಲೇಖನ ಬರೆಯುತ್ತಿದ್ದರು: ಬೆನ್ನುಮೂಳೆಗೆ ಹರಡಿದ ಕ್ಯಾನ್ಸರಿಗೆ ತುಮಕೂರಿನಂಥ ಊರಿನಲ್ಲೂ, ಒಂದೇ ಒಂದು ಕೋಬಾಲ್ಟ್ ಮಿಷನ್ ಇಟ್ಟುಕೊಂಡು, ಎಷ್ಟು ಕರಾರುವಾಕ್ಕಾಗಿ ರೇಡಿಯೇಷನ್ ಕೊಡಬಹುದು ಎಂಬುದರ ಬಗ್ಗೆ. ರೇಡಿಯೇಷನ್ ಬೀಳಬೇಕಾದ ಜಾಗವನ್ನು ಮೈಮೇಲೆ ಗುರುತು ಮಾಡುವುದರ ಬಗೆಗಿನ ಭಾಗವನ್ನು ಟೆಕ್ನಿಷಿಯನ್ ಆದ ನೀವೇ ಬರೆದುಕೊಡಿ ಎಂದಿದ್ದರು. ಮೂರು ಸಲ ಬರೆದು ಹರಿದು, ನಾಲ್ಕನೆಯದನ್ನು ಜೇಬಿಗೆ ಹಾಕಿಕೊಂಡಿದ್ದ. ಅದರ ಕೊನೆಯ ಎರಡು ವಾಕ್ಯ ಅವನಿಗೆ ಬಾಯಿಗೆ ಬರುತ್ತಿದ್ದವು. ಗುರುತಿನ ಜಾಗವನ್ನು ಪ್ರತಿದಿನವೂ ಕತ್ತಿನ ಬುಡದ ಮೂಳೆಯಿಂದ ಅಳೆದು ನೋಡಲಾಗುತ್ತದೆ. ದಿನದಿಂದ ದಿನಕ್ಕೆ ಬರುವ ವ್ಯತ್ಯಾಸ ಅರ್ಧ ಸೆಂಟಿಮೀಟರಿಗಿಂತ ಕಡಿಮೆ. ಗೂಡ್ಸ್ ಗಾಡಿಯ ಡಬ್ಬಿಗಳು ಒಂದೊಂದಾಗಿ ಹಾದುಹೋಗುವಾಗ ಅದನ್ನು ಮನಸ್ಸಿನಲ್ಲೇ ಓದಿಕೊಂಡು, ಸಭೆಯಲ್ಲಿ ಯಾರಾದರೂ ಎದ್ದು ಯಾರ ಕೈ ಇದು ಎಂದು ಕೇಳುವುದನ್ನೂ ಕಲ್ಪಿಸಿಕೊಂಡಿದ್ದ. ಹೆಮ್ಮೆ ಸುಳ್ಳಲ್ಲ. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಊದಾ ಬಣ್ಣದ ಗಾಯದ ಔಷಧಿಯಲ್ಲಿ ಅದ್ದಿ ಅವನು ಎಳೆದ ಗೆರೆ ಉಸಿರಾಡುವ ಬೆನ್ನಿನ ಮೇಲೂ ನೆಟ್ಟಗಿರುತ್ತಿತ್ತು. ಬೆಂಗಳೂರಿನಲ್ಲಿ ಟ್ರೈನಿಂಗಿಗೆ ಹೋದಾಗ ಅವನ ಇಂಗ್ಲಿಷು ಕೇಳಿ ನಗುತ್ತಿದ್ದವರು ಅವನ ಗೆರೆ ನೋಡಿ ನಗು ನಿಲ್ಲಿಸಿದ್ದರು.

ಅಂದಿನ ಎಂಟನೆಯ ರೋಗಿ ಪುಟ್ಟರಂಗಯ್ಯ. ಗುಬ್ಬಿ ಕಡೆಯವರು, ಮೂವತ್ತು ವರ್ಷ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಹಳಿ ನೋಡಿಕೊಂಡು ನಿವೃತ್ತರಾದವರು. ಈಗ ತುಮಕೂರಿನಲ್ಲೇ ಸದಾಶಿವನಗರದ ಭಾವಮೈದುನನ ಮನೆಯಲ್ಲಿ ಉಳಿದು ಹೆಂಡತಿ ಚೆನ್ನಮ್ಮನ ಜೊತೆ ದಿನಾ ಬರುತ್ತಿದ್ದರು. ಪ್ರಾಸ್ಟೇಟಿನಿಂದ ಹೊರಟ ಕ್ಯಾನ್ಸರು ಅವರ ಬೆನ್ನುಮೂಳೆಯ ಒಂಬತ್ತನೆಯ ಮತ್ತು ಹತ್ತನೆಯ ಮಣಿಗಳಲ್ಲಿ ಬಂದು ಕೂತು, ಒಳಗಿನ ಬೆನ್ನುಹುರಿಯನ್ನು ಒತ್ತತೊಡಗಿತ್ತು. ಹತ್ತು ದಿನ ಆ ಜಾಗಕ್ಕೆ ಸರಿಯಾಗಿ ರೇಡಿಯೇಷನ್ ಬಿದ್ದರೆ ಕಾಲು ಉಳಿಯುತ್ತವೆ. ಬೀಳದಿದ್ದರೆ ನಡಿಗೆ ನಿಲ್ಲುತ್ತದೆ. ಲೆಕ್ಕ ಅಷ್ಟೇ. ಯುಗಾದಿಗೆ ಮುಂಚೆ ನಾಲ್ಕು ದಿನ ಆಗಿತ್ತು. ಹಬ್ಬಕ್ಕೆಂದು ಶುಕ್ರವಾರದಿಂದ ಭಾನುವಾರದವರೆಗೆ ಊರಿಗೆ ಹೋಗಿ ಬಂದ ಮೇಲೆ ಮೂರು ದಿನ. ಇಂದು ಎಂಟನೆಯದು.

ಅವರು ಗೋಡೆ ಹಿಡಿದುಕೊಂಡು ಒಳಗೆ ಬಂದಾಗ ಅಟೆಂಡರ್ ದ್ಯಾವಪ್ಪ ನಕ್ಕ. "ಏನ್ ರಂಗಣ್ಣ, ಒಂದ್ ಕಾಲ್ಗೆ ಮಾತ್ರ ಮೆಟ್ಟು? ಇನ್ನೊಂದ್ನ ಅಳಿಯಂಗೆ ಕೊಟ್ರಾ?"

ಪುಟ್ಟರಂಗಯ್ಯ ಕೆಳಗೆ ನೋಡಿಕೊಂಡರು. ಎಡಗಾಲು ಬರಿಗಾಲು. ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ಅದನ್ನೇ ನೋಡುತ್ತ ನಿಂತರು.

"ಅಯ್ಯೋ ಸಿವ್ನೆ, ಬಸ್ಸಿಂದ ಇಳೀವಾಗ ಇತ್ತಲ್ಲ," ಎಂದಳು ಚೆನ್ನಮ್ಮ ಬಾಗಿಲಿನಿಂದ. "ಬಿದ್ದೋದ್ರೆ ಗೊತ್ತಾಗ್ಬ್ಯಾಡ್ವಾ?"

"ಗೊತ್ತಾಗ್ಲಿಲ್ಲ ಕಣೇ," ಎಂದರು ಪುಟ್ಟರಂಗಯ್ಯ ಮೆಲ್ಲಗೆ.

ದ್ಯಾವಪ್ಪನ ನಗು ಅಲ್ಲಿಗೇ ನಿಂತಿತು. ಗುರುಸಿದ್ದಯ್ಯ ಬಗ್ಗಿ ಆ ಪಾದ ನೋಡಿದ. ಏಳು ದಿನ ಆದಮೇಲೆ ಕಾಲು ಸುಧಾರಿಸಬೇಕು, ಇಲ್ಲವೇ ಇದ್ದ ಹಾಗಿರಬೇಕು. ಬಿದ್ದ ಚಪ್ಪಲಿ ತಿಳಿಯದಷ್ಟು ಮರಗಟ್ಟಬಾರದು. ರೋಗ ಜೋರಾಗಿದೆ, ಕೆಲವರಿಗೆ ಹಾಗಾಗುತ್ತದೆ ಎಂದು ಅವನ ಮನಸ್ಸು ತಕ್ಷಣ ಉತ್ತರ ಕೊಟ್ಟಿತು. ಅದು ಯಾವಾಗಲೂ ತಕ್ಷಣವೇ ಉತ್ತರ ಕೊಡುತ್ತಿತ್ತು. ಇಬ್ಬರೂ ಸೇರಿ ಅವರನ್ನು ಮಂಚದ ಮೇಲೆ ಬೋರಲು ಮಲಗಿಸಿದರು. ದೀಪ ಆರಿಸಿ ಮಿಷನ್ನಿನ ಬೆಳಕಿನ ಚೌಕವನ್ನು ಬೆನ್ನಿಗೆ ಬಿಟ್ಟಾಗ ಊದಾ ಗೆರೆಯ ಚೌಕ ಅದರೊಳಗೆ ಸರಿಯಾಗಿ ಕೂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆ ಸೊಗಸನ್ನು ನೋಡಿ ಒಂದು ಕ್ಷಣ ಸಮಾಧಾನವೂ ಆಯಿತು. ಆಮೇಲೆ ಮೂಲೆಗಳನ್ನು ನೋಡಿದ. ನಾಲ್ಕು ಮೂಲೆಯಲ್ಲೂ ಒಂದೊಂದು ಚುಕ್ಕಿಯಿತ್ತು. ಗೆರೆ ಎಳೆದು ಮುಗಿಸಿದ ಕೈ ಮೂಲೆಯಲ್ಲಿ ಒಂದು ಗಳಿಗೆ ನಿಂತು, ಚುಕ್ಕಿ ಇಟ್ಟು ಮುಂದೆ ಹೋಗಿತ್ತು. ಅವನು ಚುಕ್ಕಿ ಇಡುತ್ತಿರಲಿಲ್ಲ. ಅವನ ಗೆರೆ ಕೊನೆಯಲ್ಲಿ ಒಣಗಿ ತೆಳ್ಳಗಾಗುತ್ತಿತ್ತು. ಇದು ಆದಿಯಿಂದ ಅಂತ್ಯದವರೆಗೆ ಒಂದೇ ದಪ್ಪ, ದಿನಾ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಬಿಟ್ಟು ಪಳಗಿದ ಕೈಯ ಗೆರೆ. ಅವನ ಗೆರೆಗಿಂತ ಚೆನ್ನಾಗಿತ್ತು.

"ಈ ಗೆರೆ ಯಾರು ಬರೆದದ್ದು?"

"ನೀವೇ ಅಲ್ವಾ ಸ್ವಾಮಿ," ದಿಂಬಿನೊಳಗಿಂದ ಪುಟ್ಟರಂಗಯ್ಯನ ದನಿ ಬಂತು. ತಲೆ ತುಸು ಎತ್ತಿ, "ಮೊದ್ಲು ನೀವು. ಆಮ್ಯಾಕೆ ನಮ್ಮೋಳು."

ಚೆನ್ನಮ್ಮನನ್ನು ಒಳಗೆ ಕರೆದ. ಅವಳು ಸೆರಗು ಹೊದ್ದುಕೊಂಡು ಮಿಷನ್ನಿನಿಂದ ದೂರವೇ ನಿಂತಳು. "ವರ್ಸದ ಹಬ್ಬ ಸ್ವಾಮಿ, ಎಣ್ಣೆ ನೀರು ಹಾಕ್ದೆ ಹೆಂಗೆ ಬುಡೋದು? ಗೆರೆ ಮ್ಯಾಲೆ ಕೈ ಇಕ್ಬಾರ್ದು ಅಂತ್ಲೇ ಇದ್ದೆ. ಸೀಗೆಪುಡಿ ನೀರು ಇಳ್ದು ಹೊಂಟೋಯ್ತು. ಗುಬ್ಬೀಲಿ ಅದೇ ಔಸ್ದಿ ಸಿಕ್ತು. ಹಂಗೇ ಬರ್ದೆ."

"ಹಂಗೇ ಅಂದ್ರೆ? ಇದ್ದ ಜಾಗದಲ್ಲೇ?"

ಅವಳು ಗಂಡನ ತಲೆಯ ಕಡೆ ನೋಡಿದಳು. ಆ ತಲೆ ಅಲ್ಲಾಡಲಿಲ್ಲ.

"ಒಸಿ ಕೆಳಕ್ಕೆ. ಎರಡು ಬೆರಳು, ಅದ್ಕಿಂತ ಒಸಿ ಜಾಸ್ತಿ ಇರಬೈದು."

"ಯಾಕಮ್ಮ?"

"ನೋವಿರೋದು ಅಲ್ಲಿ ಕಣಪ್ಪ. ನೀವು ಮ್ಯಾಲಕ್ಕೆ ಹಾಕಿದ್ರಿ."

"ಅವಳ್ನ ಬೈಬ್ಯಾಡಿ ಸ್ವಾಮಿ," ಎಂದರು ಪುಟ್ಟರಂಗಯ್ಯ. "ಬೆನ್ನು ನಂಗೆ ಕಾಣಲ್ಲ. ಇಲ್ಲಿ, ಇನ್ನೂ ಕೆಳಕ್ಕೆ ಅಂತ ತೋರಿಸ್ದೋನು ನಾನೇ. ನೀವು ಓದ್ದೋರು, ನಾಕು ಜನದ ಮುಂದೆ ತಪ್ಪಾಗೈತೆ ಅಂತ ಹೆಂಗೆ ಹೇಳೋದು? ನಿಮ್ಗೂ ಬೇಜಾರು. ಸುಮ್ಕೆ ನಾವೇ ಸರಿ ಮಾಡ್ಕಂಡ್ರಾಯ್ತು ಅಂದ್ಕಂಡೊ."

ಅವನು ಅಳತೆ ಪಟ್ಟಿ ತೆಗೆದುಕೊಂಡ. ಕಾರ್ಡಿನಲ್ಲಿ ಅವನದೇ ಅಕ್ಷರದಲ್ಲಿ ಬರೆದಿತ್ತು: ಕತ್ತಿನ ಬುಡದ ಮೂಳೆಯಿಂದ ಚೌಕದ ಮೇಲಂಚಿಗೆ ಹದಿನೇಳು ಸೆಂಟಿಮೀಟರ್. ಪಟ್ಟಿ ಇಪ್ಪತ್ತೊಂದು ತೋರಿಸಿತು. ಇಪ್ಪತ್ತೊಂದು ಅಂದರೆ ಒಂಬತ್ತನೆಯ ಮಣಿ ಚೌಕದ ಹೊರಗೆ. ಅಂಚಿನ ಮಬ್ಬಿನಲ್ಲಿ ಅಷ್ಟಿಷ್ಟು ಬಿದ್ದಿದ್ದರೆ ಬಿದ್ದಿರಬಹುದು. ಮೂರು ದಿನ ಬೆನ್ನಿನ ಒಳ್ಳೆಯ ಭಾಗವನ್ನು ಸುಟ್ಟು, ಕೆಟ್ಟದ್ದನ್ನು ಬೆಳೆಯಲು ಬಿಟ್ಟಿದ್ದ. ಇವತ್ತು ಬೇಡ, ಹೊರಗೆ ಕೂತಿರಿ, ಒಂದು ಎಕ್ಸ್‌ರೇ ಫಿಲಂ ತೆಗೆಯಬೇಕು ಎಂದಾಗ ಅವನ ದನಿ ಎಂದಿನ ಹಾಗೇ ಇತ್ತು. ಅದಕ್ಕೇ ಅವನಿಗೆ ಹೆದರಿಕೆಯಾದದ್ದು.

ಹಳೇ ಕಾರ್ಡುಗಳ ಸಣ್ಣ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದ. ಸೋಮವಾರ ಏನಾಯಿತು ಎಂಬುದನ್ನು ಈಗ ಹೊಸದಾಗಿ ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ, ಅದು ಮೂರು ದಿನದಿಂದ ಅಲ್ಲೇ ಕೂತಿತ್ತು. ಹಬ್ಬದ ರಜೆಯ ನಂತರದ ದಿನ, ಹೊರಗೆ ಇಪ್ಪತ್ತು ಜನ, ಪುಟ್ಟರಂಗಯ್ಯನ ಅಂಗಿ ಎತ್ತಿದಾಗ ಗೆರೆ ಈಗ ತಾನೇ ಎಳೆದ ಹಾಗೆ ಹೊಳೆಯುತ್ತಿತ್ತು. "ನೋಡ್ಲಾ ದ್ಯಾವಪ್ಪ, ನಾಕು ದಿನ ಆದ್ರೂ ನನ್ ಗೆರೆ ಹೆಂಗದೆ!" ಎಂದಿದ್ದ. ದ್ಯಾವಪ್ಪ, "ಏಸಿಯನ್ ಪೇಂಟೇನ್ ಸಾ?" ಎಂದಿದ್ದ. ಇಬ್ಬರೂ ನಕ್ಕಿದ್ದರು. ನಗುತ್ತಿದ್ದಾಗಲೇ ಚುಕ್ಕಿಗಳನ್ನು ನೋಡಿದ್ದ. ಕಣ್ಣು ನೋಡಿತು, ಕೈ ಅಳತೆ ಪಟ್ಟಿಯ ಕಡೆಗೆ ಅರ್ಧ ಹೋಯಿತು, ಅಷ್ಟರಲ್ಲಿ ತನ್ನ ಹೊಗಳಿಕೆ ತನ್ನ ಕಿವಿಯಲ್ಲೇ ಇನ್ನೂ ಇತ್ತು. ಇಷ್ಟು ಚೆನ್ನಾಗಿರುವ ಗೆರೆಯನ್ನು ಯಾರಾದರೂ ಅಳೆಯುತ್ತಾರೆಯೆ? ಕೈ ಹಿಂದೆ ಬಂತು. ಕಾರ್ಡಿನಲ್ಲಿ 'ಗುರುತು ಅಳೆದಿದೆ' ಎಂಬುದರ ಮುಂದೆ ಸಹಿ ಮಾಡಿದ. ಮಂಗಳವಾರ ಸಹಿ ಇನ್ನೂ ಸುಲಭವಾಯಿತು. ಸೋಮವಾರ ಸರಿಯಿದ್ದದ್ದು ಮಂಗಳವಾರ ಹೇಗೆ ತಪ್ಪಾಗುತ್ತದೆ. ಇದು ಮೊದಲ ಸಲವೂ ಅಲ್ಲ. ಡಿಗ್ರಿ ಮೊದಲ ವರ್ಷ, ಫಿಸಿಕ್ಸ್ ಲ್ಯಾಬಿನಲ್ಲಿ ಹಿತ್ತಾಳೆಯ ಗುಂಡಿನ ವ್ಯಾಸ ಅಳೆಯಲು ಕೊಟ್ಟಿದ್ದರು. ವರ್ನಿಯರ್ ಅಳತೆಕೋಲಿನ ಸಣ್ಣ ಗೆರೆಗಳು ಒಂದರೊಳಗೊಂದು ಸೇರಿಕೊಂಡು ಕಾಣಲೇ ಇಲ್ಲ. ಹಿಂದಿನ ಬ್ಯಾಚಿನ ಹುಡುಗರಿಂದ ಉತ್ತರ ಗೊತ್ತಿತ್ತು, ಬರೆದ. ಲೆಕ್ಚರರ್ ಅವನ ಪುಸ್ತಕವನ್ನು ಎತ್ತಿ ಹಿಡಿದು, ಕುಣಿಗಲ್ ಕಡೆಯಿಂದ ಬಂದ ಹುಡುಗ, ಇಡೀ ಕ್ಲಾಸಿನಲ್ಲಿ ಇವನೊಬ್ಬನೇ ಕಣ್ಣಿಟ್ಟು ನೋಡಿದ್ದಾನೆ ಎಂದರು. ಅವನು ಎದ್ದು ನಿಂತು ತಲೆ ತಗ್ಗಿಸಿದ್ದ. ನಾಚಿಕೆ ಎಂದು ಎಲ್ಲರೂ ತಿಳಿದರು. ಆಮೇಲೆ ನಿಜವಾಗಿಯೂ ಕಣ್ಣಿಟ್ಟು ನೋಡುವವನಾದ, ಹತ್ತು ವರ್ಷ ಆ ಒಂದು ಸುಳ್ಳಿಗೆ ತಕ್ಕವನಾಗಲು ದುಡಿದ, ಆದ ಕೂಡ. ಆದರೆ ಉತ್ತರ ಮೊದಲೇ ಗೊತ್ತಿರುವ ಕಡೆ ಕಣ್ಣು ಈಗಲೂ ರಜೆ ಹಾಕುತ್ತಿತ್ತು.

ಪೆನ್ಸಿಲ್ ತೆಗೆದು ಹಳೇ ಕಾರ್ಡೊಂದರ ಹಿಂದೆ ಲೆಕ್ಕ ಹಾಕಿದ. ಮೇಲಿನ ಮಣಿಗೆ ನಾಲ್ಕು ದಿನದ್ದು ಮಾತ್ರ ಬಿದ್ದಿದೆ, ಹತ್ತನೆಯದಕ್ಕೆ ಏಳು. ಚೌಕವನ್ನು ಮತ್ತೆ ಹದಿನೇಳಕ್ಕೆ ತಂದು, ಕೆಳಗಿನ ಅರ್ಧಕ್ಕೆ ರೇಡಿಯೇಷನ್ ತಡೆಯುವ ಸೀಸದ ತುಂಡು ಅಡ್ಡ ಇಟ್ಟು, ಮೇಲಿನದಕ್ಕೆ ಮೂರು ದಿನ ಹೆಚ್ಚಿಗೆ ಕೊಟ್ಟರೆ ಎಲ್ಲ ಸಮವಾಗುತ್ತದೆ. ಲೆಕ್ಕ ಸರಿಯಾಗಿತ್ತು, ಎರಡನೆಯ ಸಲ ಮಾಡಿದಾಗಲೂ ಅದೇ ಬಂತು. ಯಾರಿಗೂ ಹೇಳಬೇಕಾಗಿಯೇ ಇಲ್ಲ. ಗಂಡ ಹೆಂಡತಿಗೆ ತಿಳಿಯುವುದಿಲ್ಲ, ದ್ಯಾವಪ್ಪನಿಗೆ ಓದು ಬರುವುದಿಲ್ಲ, ಡಾಕ್ಟರ್ ವನಜಮ್ಮ ವಾರಕ್ಕೆ ಮೂರು ದಿನ ಬೆಂಗಳೂರಿನಿಂದ ಬಂದು ಅವನ ಸಹಿ ನೋಡಿ ತಮ್ಮದನ್ನು ಹಾಕುವವರು. ಕಾಲು ಉಳಿದರೆ ತನ್ನಿಂದ, ಹೋದರೆ ರೋಗದಿಂದ. ಅಷ್ಟು ಚೊಕ್ಕವಾಗಿ ಎಲ್ಲವೂ ಕೂತದ್ದನ್ನು ಕಂಡಾಗಲೇ ಅವನಿಗೆ ಅಸಹ್ಯವಾದದ್ದು. ಇದೂ ಮೂಲೆಯಲ್ಲಿ ಚುಕ್ಕಿ ಇಟ್ಟ ಚೌಕವೇ. ಸುಂದರವಾಗಿದೆ, ಆದ್ದರಿಂದ ಅಳೆಯುವುದು ಬೇಡ ಎನ್ನುತ್ತಿದೆ. ಬೆನ್ನುಹುರಿ ತಡೆದುಕೊಳ್ಳುವುದು ಎಷ್ಟೆಂದು ಅವನಿಗೆ ಪುಸ್ತಕದಿಂದ ಗೊತ್ತು. ಏಳು ದಿನ ರೇಡಿಯೇಷನ್ ತಿಂದ ಈ ಹುರಿ, ಈ ಮನುಷ್ಯನದು, ಇನ್ನೆಷ್ಟು ತಡೆಯುತ್ತದೆ ಎಂದು ಹೇಳಬೇಕಾದವನು ಅವನಲ್ಲ. ಅವನು ಪುಟ್ಟರಂಗಯ್ಯನ ಕಾರ್ಡನ್ನೂ ಲೆಕ್ಕ ಹಾಕಿದ ಹಳೇ ಕಾರ್ಡನ್ನೂ ಜೇಬಿನ ಹಾಳೆಯನ್ನೂ ಹಿಡಿದುಕೊಂಡು ಹೊರಟ. ಧೈರ್ಯ ಎನ್ನುವಂಥದು ಏನೂ ಬರಲಿಲ್ಲ. ಕಾಲು ನಡೆದವು, ಅಷ್ಟೆ, ಮತ್ತು ನಡೆಯುವ ಕಾಲಿನ ಪ್ರತಿ ಹೆಜ್ಜೆಯೂ ಅವನಿಗೆ ಗೊತ್ತಾಗುತ್ತಿತ್ತು.

ಡಾಕ್ಟರ್ ವನಜಮ್ಮ ಟಿಫಿನ್ ಕ್ಯಾರಿಯರ್ ಬಿಚ್ಚುತ್ತಿದ್ದರು. "ಬಂತಾ ನಿಮ್ಮ ಭಾಗ? ಕೊಡಿ ಕೊಡಿ," ಎಂದು ಎಡಗೈ ಚಾಚಿದರು. ಅವನು ಹಾಳೆ ಕೊಡದೆ ಪುಟ್ಟರಂಗಯ್ಯನ ಕಾರ್ಡು ಕೊಟ್ಟ, ನಿಂತೇ ಹೇಳಿದ. ಎಣ್ಣೆನೀರು, ಹೊಸ ಗೆರೆ, ನಾಲ್ಕು ಸೆಂಟಿಮೀಟರ್, ಮೂರು ದಿನ, ಚಪ್ಪಲಿ, ತಾನು ಹಾಕಿದ ಲೆಕ್ಕ. ಅವರು ಕ್ಯಾರಿಯರ್ ಮುಚ್ಚಿದರು.

"ಯಾವತ್ತು ಗೊತ್ತಾಯ್ತು?"

ಇವತ್ತು ಎಂದರೆ ಮುಗಿಯುತ್ತಿತ್ತು. ಅದು ಸುಳ್ಳು ಎಂದು ಯಾರೂ ಸಾಧಿಸುವಂತಿರಲಿಲ್ಲ.

"ಅಳೆದದ್ದು ಇವತ್ತು. ನೋಡಿದ್ದು ಸೋಮವಾರ."

"ನೋಡಿ?"

"ಚೆನ್ನಾಗಿದೆ ಅಂದ್ಕೊಂಡೆ ಮೇಡಂ."

ಅವರು ಕಾರ್ಡಿನಲ್ಲಿದ್ದ ಮೂರು ಸಹಿಗಳ ಮೇಲೆ ಬೆರಳಾಡಿಸಿದರು. ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ ಹೊರಗೆ ಹೋಗಿ ಬೆಂಚಿನ ಮೇಲೆ ಕೂತಿದ್ದ ಪುಟ್ಟರಂಗಯ್ಯನ ಪಾದಕ್ಕೆ ತಮ್ಮ ಅಂಗೈ ಕೊಟ್ಟು, ಒತ್ತಿ ಒತ್ತಿ ಎಂದರು. ಬಲಗಾಲು ಒತ್ತಿತು. ಎಡಗಾಲು ಯೋಚನೆ ಮಾಡಿ ಒತ್ತಿತು. ಸೂಜಿಮದ್ದು ಬರೆದುಕೊಟ್ಟು, ವಾರ್ಡಿಗೆ ಸೇರಿಸಲು ಹೇಳಿ, ಒಳಗೆ ಬಂದು ಅವನ ಪೆನ್ಸಿಲ್ ಲೆಕ್ಕವನ್ನು ಕೇಳಿ ಪಡೆದು ನೋಡಿದರು. "ಲೆಕ್ಕ ಸರಿ ಇದೆ. ಆದ್ರೆ ಮೂರು ದಿನ ಹೆಚ್ಚಿಗೆ ಕೊಡಲ್ಲ, ಎರಡು ಸಾಕು, ಅದೂ ಸ್ವಲ್ಪ ಸ್ವಲ್ಪ. ನೀವೊಬ್ಬರೇ ಮಾಡಿದ್ದಿದ್ರೆ ಆ ಮೂರನೇದು ಕೊಟ್ಟುಬಿಡ್ತಿದ್ರಿ, ಅಲ್ವಾ?" ಅವನು ತಲೆಯಾಡಿಸಿದ. "ಇನ್ನೂ ತಡ ಆಗಿಲ್ಲ ಅನ್ಸುತ್ತೆ. ಆಸ್ಪತ್ರೆ ಟ್ರಸ್ಟಿನವರಿಗೆ ನಾನು ಬರೀಲೇಬೇಕು, ನಿಮ್ಮ ಕೆಲಸ ಈ ವರ್ಷ ಖಾಯಂ ಆಗದೇ ಹೋಗಬಹುದು. ಆ ಹಾಳೆ ಇಟ್ಟು ಹೋಗಿ. ಈ ಮೂರು ದಿನಾನೂ ಅದರಲ್ಲಿ ಸೇರುತ್ತೆ, ಸಭೇಲಿ ನಾನೇ ಓದ್ತೀನಿ." ಬಾಗಿಲ ಹತ್ತಿರ ಮತ್ತೆ ಕರೆದರು. "ಆ ದಂಪತಿಗೆ ನೀವೇ ಹೇಳಬೇಕು. ನಾನಲ್ಲ."

ಹೇಳುವ ಮೊದಲು ಫಿಲಂ ತೆಗೆದ. ಬೆನ್ನಿನ ಮೇಲೆ ಹದಿನೇಳು ಸೆಂಟಿಮೀಟರಿಗೆ, ಫಿಲಮ್ಮಿನಲ್ಲಿ ಕಾಣುವ ಸೀಸದ ತಂತಿ ಅಂಟಿಸಿ, ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ ಫಿಲಮ್ಮನ್ನು ತೊಟ್ಟಿಗೆ ಇಳಿಬಿಟ್ಟಾಗ ಮಣಿಗಳು ಒಂದೊಂದಾಗಿ ಮೇಲೆದ್ದು ಬಂದವು. ಕೊನೆಯ ಪಕ್ಕೆಲುಬಿನಿಂದ ಮೇಲಕ್ಕೆ ಎಣಿಸಿದ. ಹನ್ನೆರಡು, ಹನ್ನೊಂದು, ಹತ್ತು. ಆಮೇಲೆ ಎಡಬದಿ ತಿಂದುಹೋದ ಒಂಬತ್ತು. ತಂತಿ ಅದರ ಮೇಲೆ ಒಂದು ಮಣಿ ಬಿಟ್ಟು, ಇರಬೇಕಾದಲ್ಲೇ ಇತ್ತು. ತಾನು ಮೊದಲ ದಿನ ಹಾಕಿದ್ದು ಸರಿ ಎಂದು ತಿಳಿದಾಗ ಬರಬೇಕಾದ ಸಂತೋಷ ಬರಲಿಲ್ಲ. ಒಣಗಿದ ಫಿಲಂ ಹಿಡಿದು ವಾರ್ಡಿಗೆ ಹೋದ. ಕಿಟಕಿಯ ಬೆಳಕಿಗೆ ಹಿಡಿದು ಚೆನ್ನಮ್ಮನಿಗೆ ತೋರಿಸಿದ: ರೋಗ ಇಲ್ಲಿದೆಯಮ್ಮ, ನರ ಇಲ್ಲಿಂದ ಕೆಳಗೆ ಹೋಗುತ್ತೆ, ಅದಕ್ಕೇ ನೋವು ಕೆಳಗೆ ಕಾಣಿಸಿಕೊಳ್ಳುತ್ತೆ.

ಅವಳಿಗೆ ಅರ್ಥವಾಗಲು ಸ್ವಲ್ಪವೂ ಹೊತ್ತು ಹಿಡಿಯಲಿಲ್ಲ. ಬಾಯಿಗೆ ಸೆರಗು ಹೋಯಿತು. "ಹಂಗಾರೆ ನಾನು ಬರ್ದಿದ್ಕೇಯಾ? ಅವ್ರ ಕಾಲು ನಾನು ಬರ್ದಿದ್ಕೇ..."

ಹೌದು ಎನ್ನುವುದು ಎಷ್ಟು ಸುಲಭವಿತ್ತು. ಎಣ್ಣೆನೀರು ಹಾಕಬಾರದಿತ್ತಮ್ಮ ಎಂದು ಗೊಣಗಿದ್ದರೂ ಸಾಕಿತ್ತು. ಬದುಕಿರುವವರೆಗೆ ಅವಳು ಅದನ್ನು ಹೊತ್ತುಕೊಂಡು ಓಡಾಡುತ್ತಿದ್ದಳು, ಅವನಿಗೆ ಕೈಮುಗಿಯುತ್ತಲೇ.

"ಅಲ್ಲಮ್ಮ. ಗೆರೆ ಯಾರು ಬೇಕಾದ್ರೂ ಬರೀಬಹುದು. ದಿನಾ ಅಳೆದು ನೋಡೋದು ನನ್ನ ಕೆಲಸ. ಸೋಮವಾರ ನಾನು ಅಳೀಲಿಲ್ಲ. ಗೆರೆ ಬೇರೆ ಥರ ಇದೆ ಅಂತ ಕಂಡಿತ್ತು, ಕೇಳಲಿಲ್ಲ. ಅಳೆದೆ ಅಂತ ಸಹಿ ಮಾಡಿದೆ. ಮೂರು ದಿನ."

ಪಕ್ಕದ ಮಂಚದವರು ತಿರುಗಿ ನೋಡಿದರು. ಚೆನ್ನಮ್ಮ ಅವನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿದ್ದ ಗೌರವ ಹೊರಟುಹೋಗುವುದನ್ನು ಅವನು ನಿಂತು ನೋಡಿದ. "ನೋಡ್ದಲೇ ನೋಡ್ದೆ ಅಂತ ರುಜು ಹಾಕ್ತಿದ್ದೇನಪ್ಪ? ಇವ್ರು ಮಕಾಡೆ ಮಲ್ಗಿರ್ತಿದ್ರು, ನೀನು ಅಲ್ಲಿ ನಿಂತು ನಗ್ತಿದ್ದೆ. ನಂಗೆ ಹೊರಕ್ಕೆ ಕೇಳುಸ್ತಿತ್ತು," ಎಂದಳು. ಅವನು ಫಿಲಂ ಕೆಳಗಿಳಿಸಿದ.

ಪುಟ್ಟರಂಗಯ್ಯ ಮಾತ್ರ ಸೂರು ನೋಡುತ್ತ ಮಲಗಿದ್ದರು. ಕತ್ತು ಅವನ ಕಡೆ ತಿರುಗಿಸಿ, "ನಾಳೆ ಯಾರು ನೋಡೋದು?" ಎಂದರು.

"ನಾನೇ. ಅಳೆದೇ ನೋಡ್ತೀನಿ."

"ನೀನು ನೋಡಿದ್ಮ್ಯಾಕೆ ಯಾರು ನೋಡ್ತಾರೆ?" 'ಸ್ವಾಮಿ' ಹೋಗಿ 'ನೀನು' ಬಂದಿತ್ತು. ಅದು ಬೈಗುಳವಾಗಿರಲಿಲ್ಲ. ಕೆಲಸದ ಜಾಗದಲ್ಲಿ ಒಬ್ಬ ಇನ್ನೊಬ್ಬನನ್ನು ಕೇಳುವ ಹಾಗಿತ್ತು. "ನಿಟ್ಟೂರು ಕಡೆ ನಾವು ಹಳಿ ಬಿಗಿ ಮಾಡ್ತಿದ್ವಲ್ಲ, ಬಿಗಿ ಮಾಡ್ದೋನು ಸರಿ ಐತೆ ಅಂದ್ರೆ ಯಾವನೂ ಗಾಡಿ ಬುಡ್ತಿರ್ಲಿಲ್ಲ ಕಣಪ್ಪ. ಮ್ಯಾಸ್ತ್ರಿ ಬಂದು ಅಳತೆ ಗೇಜು ಇಕ್ಕಿ ಮತ್ತೆ ನೋಡ್ಬೇಕು. ಬಿಗಿ ಮಾಡ್ದೋನ ಕಣ್ಗೆ ಅವ್ನು ಮಾಡಿದ್ದು ನೆಟ್ಟಗೇ ಕಾಣ್ತದೆ. ಅದು ಕಳ್ಳತನ ಅಲ್ಲ, ಕಣ್ಣಿನ ಗುಣ."

ಶುಕ್ರವಾರ ಬೆಳಿಗ್ಗೆ ಮಂಚದ ಮೇಲೆ ಅವರು ಬೋರಲು ಮಲಗಿದರು. ಫಿಲಂ ಗೋಡೆಯ ದೀಪದ ಮೇಲಿತ್ತು. ಗುರುಸಿದ್ದಯ್ಯ ಪಟ್ಟಿ ಇಟ್ಟು ಅಳೆದ, ಹದಿನೇಳು. ಆಮೇಲೆ ಕತ್ತಿನ ಬುಡದ ದೊಡ್ಡ ಮೂಳೆಯನ್ನು ಬಿಟ್ಟು, ಅದರ ಕೆಳಗಿನದರಿಂದ ಒಂದೊಂದೇ ಮಣಿಯನ್ನು ಬೆರಳಿನಿಂದ ಒತ್ತಿ, ಗಟ್ಟಿಯಾಗಿ ಎಣಿಸಿದ. ಒಂಬತ್ತರ ಮೇಲೆ ಬೆರಳು ನಿಲ್ಲಿಸಿ, "ದ್ಯಾವಪ್ಪ, ನೀನು ಎಣಿಸು," ಎಂದ.

"ನಾನಾ ಸಾ? ನಂಗೇನ್ ಗೊತ್ತು ಇವೆಲ್ಲ?"

"ಹತ್ತರವರೆಗೆ ಬರುತ್ತೋ ಇಲ್ವೋ?"

"ಅಷ್ಟು ಬತ್ತದೆ ಬುಡಿ."

ದ್ಯಾವಪ್ಪ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದ. ಅವನ ದಪ್ಪ ಬೆರಳು ಒಂದೊಂದು ಮಣಿಯ ಮೇಲೂ ಕೂತು, ತಡಕಿ, ಅನುಮಾನಪಟ್ಟು, ಕೆಳಗಿಳಿಯಿತು. ಅಂಗಡಿಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವವನ ಮುಖ ಅವನದು. ಗುರುಸಿದ್ದಯ್ಯ ಇಟ್ಟಿದ್ದ ಬೆರಳಿನ ಹತ್ತಿರ ಬಂದಾಗ ನಿಂತ.

"ಎಂಟು," ಎಂದ.

"ಒಂಬತ್ತು."

"ಎಂಟು ಸಾ."

ಗುರುಸಿದ್ದಯ್ಯನ ಮನಸ್ಸಿನಲ್ಲಿ ಉತ್ತರ ಸಿದ್ಧವಾಗಿತ್ತು. ನಿನಗೆ ಮೇಲಿನದೊಂದು ತಪ್ಪಿರಬೇಕು, ಫಿಲಂ ಇಲ್ಲೇ ಇದೆ ನೋಡು. ಬಹುಶಃ ಅದೇ ನಿಜವಾಗಿತ್ತು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಬಾಗಿಲಲ್ಲಿ ಚೆನ್ನಮ್ಮ ನಿಂತಿದ್ದಳು, ಈ ದಿನ ಹೊರಗೆ ಕೂರಲು ಅವಳು ಒಪ್ಪಿರಲಿಲ್ಲ. ದಿಂಬಿನಲ್ಲಿ ಮುಖ ಇಟ್ಟು ಪುಟ್ಟರಂಗಯ್ಯನವರೂ ಕಾಯುತ್ತಿದ್ದರು.

"ಸರಿ," ಎಂದು ಅವನು ತನ್ನ ಬೆರಳನ್ನು ತೆಗೆದ. "ಇಬ್ಬರೂ ಕತ್ತಿನಿಂದ ಮತ್ತೆ ಎಣಿಸೋಣ. ನೀನು ಮೊದಲು."